ವಿಶಾರದ ಎಂಬ ರೇಷನ್ ಕಾರ್ಡು

ಮುಂಬಯಿ ಬಳಿಯ ಕಲ್ಯಾಣದ ಗಾಯನ ಸಮಾಜ ಹುಟ್ಟಿದ್ದು 1926ರಲ್ಲಿ. ಅದು ನಡೆಸುವ ಸಂಗೀತೋತ್ಸವಕ್ಕೆ ದೇವಗಂಧರ್ವ ಮಹೋತ್ಸವ ಎಂದು ಹೆಸರು. ದೇವಗಂಧರ್ವ ಎಂದರೆ ಭಾಸ್ಕರಬುವಾ ಬಖಲೆ. ಗುಜರಾತಿನ ಕಠೋರದಲ್ಲಿ ಹುಟ್ಟಿ, ಮುಂದೆ ಪುಣೆಯಲ್ಲಿ ಭಾರತ ಗಾಯನ ಸಮಾಜ ಕಟ್ಟಿದ, ಬಾಲಗಂಧರ್ವರಿಗೂ ಮಾಸ್ಟರ್ ಕೃಷ್ಣರಾಯರಿಗೂ ಪಾಠ ಹೇಳಿದ ಈ ಬುವಾ ನಡುವೆ ಒಂದಷ್ಟು ಕಾಲ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತದ ಮೇಷ್ಟ್ರಾಗಿದ್ದರು. ಮುಂಬಯಿ ಪ್ರಾಂತ್ಯದ ದಕ್ಷಿಣ ತುದಿಯ ಒಂದು ಸಣ್ಣ ಕಾಲೇಜು ಊರಿಗೆ ಮರಾಠಿ ಮಾತಾಡುವ ಗವಾಯಿಯೊಬ್ಬರು ಸಂಬಳಕ್ಕೆಂದು ಬಂದು ಪಾಠ ಹೇಳಿದ್ದು ಅಂದಿಗೆ ದೊಡ್ಡ ಸುದ್ದಿಯೇನೂ ಆಗಿರಲಿಕ್ಕಿಲ್ಲ. ಮುಂದೆ ಗಾಡಿ ಉಲ್ಟಾ ಓಡತೊಡಗಿತು. ಧಾರವಾಡ, ಗದಗ, ಬೆಳಗಾವಿ, ಶಿರಸಿ, ಉಡುಪಿಗಳಿಂದ ಹೊರಟವರು ಕಲ್ಯಾಣ, ಡೊಂಬಿವಲಿ, ಠಾಣೆ, ಆಮೇಲೆ ವಾಶಿ, ನೆರೂಳಗಳಲ್ಲಿ ಇಳಿದು ಮನೆಯ ಹಾಲ್‌ನಲ್ಲಿ ಚಾಪೆ ಹಾಸಿ ಸಂಗೀತದ ಕ್ಲಾಸು ಶುರು ಮಾಡಿದರು. ಈ ಎರಡನೆಯ ಪ್ರಯಾಣದ ಬಗ್ಗೆ ನಾವು ಬರೆದದ್ದು ಕಡಿಮೆ. ಬರೆದಾಗಲೂ ಮಾತು ಭೀಮಸೇನ ಜೋಶಿಯವರಿಂದ ಹೊರಟು ಕುಮಾರ ಗಂಧರ್ವರಲ್ಲಿ ಮುಗಿಯುತ್ತದೆ. ಕಛೇರಿ ಕೊಡದ, ರೇಡಿಯೊದಲ್ಲಿ ಹೆಸರು ಬಾರದ, ವಾರಕ್ಕೆರಡು ದಿನ ನಾಲ್ಕು ನಾಲ್ಕು ಮಕ್ಕಳ ಬ್ಯಾಚಿಗೆ ಯಮನ್ ಹೇಳಿಕೊಡುವವರು ಪರವೂರಿನಲ್ಲಿ ಹೇಗೆ ನೆಲೆ ನಿಂತರು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿಲ್ಲ.

ನನ್ನ ಉತ್ತರ ಸಂಗೀತ ಬಲ್ಲವರಿಗೆ ಅಷ್ಟು ರುಚಿಸಲಾರದು. ಅವರನ್ನು ನಿಲ್ಲಿಸಿದ್ದು ಘರಾಣೆಯಲ್ಲ, ಗುರುವಿನ ಹೆಸರೂ ಅಲ್ಲ. ಬಲ್ಲವರು ಮೂಗು ಮುರಿಯುವ ಪರೀಕ್ಷೆ. ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಮೆಟ್ಟಿಲು ಮೆಟ್ಟಿಲಾಗಿ ಅಲಂಕಾರದವರೆಗೆ ಏರುವ ಆ ಪರೀಕ್ಷೆ. ಬಂಧುಬಳಗ ಇಲ್ಲದ, ಭಾಷೆ ಅರೆಬರೆ ಬರುವ ಊರಿನಲ್ಲಿ ವಿಶಾರದದ ಸರ್ಟಿಫಿಕೇಟು ಸಂಗೀತದ ಮೇಷ್ಟ್ರಿಗೆ ರೇಷನ್ ಕಾರ್ಡಿನಂತೆ ಕೆಲಸ ಮಾಡಿತು. ಮುಂಬಯಿ ಸೀಮೆಯಲ್ಲಿ ರೇಷನ್ ಕಾರ್ಡಿನ ಬೆಲೆ ಅದರ ಮೇಲೆ ಸಿಗುವ ಅಕ್ಕಿ ಸಕ್ಕರೆಗಿಂತ ಹೆಚ್ಚಿನದೆಂದು ಅಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಗೊತ್ತು. ನೀವು ಇಲ್ಲಿದ್ದೀರಿ ಎಂಬುದಕ್ಕೆ ಅಂದು ಅದೇ ಸಾಕ್ಷಿ.

ಈ ಪರೀಕ್ಷೆಯ ಮೂಲಕ್ಕೆ ಹೋದರೆ ಅಲ್ಲಿ ಸಿಗುವವನೂ ಪರವೂರಿನ ಮೇಷ್ಟ್ರೇ. ವಿಷ್ಣು ದಿಗಂಬರ ಪಲುಸ್ಕರ್ ನಮ್ಮ ಗಡಿಗೆ ಅಂಟಿಕೊಂಡ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದವರು. ಮಿರಜಿನಲ್ಲಿ ಬಾಲಕೃಷ್ಣಬುವಾ ಇಚಲಕರಂಜೀಕರರ ಬಳಿ ಕಲಿತವರು. ಅವರು ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಮಿರಜಿನಲ್ಲೂ ಅಲ್ಲ, ಪುಣೆಯಲ್ಲೂ ಅಲ್ಲ. 1901ರ ಮೇ 5ರಂದು, ದೂರದ ಲಾಹೋರಿನಲ್ಲಿ. ಮಿರಜಿನಲ್ಲಿದ್ದಿದ್ದರೆ ಇಚಲಕರಂಜೀಕರರ ಶಿಷ್ಯ ಎಂಬ ಒಂದು ಮಾತು ಸಾಕಿತ್ತು. ಲಾಹೋರಿನ ಪೇಟೆಯಲ್ಲಿ ಆ ಮಾತು ಚಲಾವಣೆಯಾಗುವ ನಾಣ್ಯವಲ್ಲ. ಅಲ್ಲಿ ಬೇಕಾದದ್ದು ಮನೆಯ ಹಿರಿಯರಿಗೆ ತೋರಿಸಬಹುದಾದ ವಸ್ತು: ಇಂತಿಷ್ಟು ವರ್ಷದ ಪಠ್ಯ, ಅಚ್ಚು ಹಾಕಿದ ಪುಸ್ತಕ, ಸ್ವರಲಿಪಿ, ಫೀ, ಹಾಜರಿ, ಕೊನೆಗೊಂದು ಪ್ರಮಾಣಪತ್ರ. ಪಲುಸ್ಕರ್ ಇಷ್ಟನ್ನೂ ಮಾಡಿದರು. ಪುಸ್ತಕಕ್ಕಾಗಿ ಸ್ವಂತ ಅಚ್ಚುಕೂಟವನ್ನೇ ಹಾಕಿದರು. ಉಪದೇಶಕ ವರ್ಗ ಎಂದು ಮಾಡಿ, ಊಟ ವಸತಿ ಕೊಟ್ಟು ಕಲಿಸಿ, ಕಲಿತವರು ಮುಂದೆ ಊರೂರಿಗೆ ಹೋಗಿ ಪಾಠ ಹೇಳಬೇಕು ಎಂಬ ಕರಾರು ಮಾಡಿಕೊಂಡರು. 1908ರಲ್ಲಿ ಮುಂಬಯಿಗೆ ಬಂದರು. ಸಾಲ ಮಾಡಿ ಕಟ್ಟಿದ ಕಟ್ಟಡ 1924ರಲ್ಲಿ ಹರಾಜಾಯಿತು. 1931ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಶಿಷ್ಯರು ಅಹಮದಾಬಾದಿನಲ್ಲಿ ಸೇರಿ ಮಂಡಲವನ್ನು ಕಟ್ಟಿದರು. ಕಟ್ಟಡ ಹೋದರೂ ಪರೀಕ್ಷೆ ಉಳಿಯಿತು. ಅದು ಗಡಿ ದಾಟಿ ಹೋಗುವವರಿಗಾಗಿ, ಗಡಿ ದಾಟಿ ಹೋದವನೊಬ್ಬ ಮಾಡಿಟ್ಟ ವ್ಯವಸ್ಥೆ ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಆ ಕಥೆ ನಡೆದ ನೆಲ ರೈಲಿನ ಹಳಿಗುಂಟ ಹರಡಿಕೊಂಡದ್ದು. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷವೇ ಅದು ಕಲ್ಯಾಣ ಮುಟ್ಟಿತು. ಆದರೂ ಈ ಊರುಗಳು ಬಹುಕಾಲ ಮುಂಬಯಿಯ ನೌಕರರು ರಾತ್ರಿ ಬಂದು ಮಲಗುವ ಸಣ್ಣ ಊರುಗಳಾಗಿಯೇ ಇದ್ದವು. ಠಾಣೆಯಲ್ಲಿ ವಿದ್ಯಾ ಪ್ರಸಾರಕ ಮಂಡಳದ ಕಾಲೇಜು ಬಂದದ್ದು 1969ರಲ್ಲಿ, ಕಲ್ಯಾಣದ ಬಿರ್ಲಾ ಕಾಲೇಜು 1972ರಲ್ಲಿ. ಖಾಡಿಯಾಚೆ ನವಿ ಮುಂಬಯಿ ಕಟ್ಟಲು ಸಿಡ್ಕೊ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ವಾಶಿಗೆ ಲೋಕಲ್ ಗಾಡಿ ಬರಲು 1992ರ ತನಕ ಕಾಯಬೇಕಾಯಿತು. ಈ ಕಾಲೇಜುಗಳು ಮುಖ್ಯವಾಗಿ ಕಾಮರ್ಸು, ಸಾಯನ್ಸು ಕಲಿಸುವಂಥವು. ಸಂಗೀತಕ್ಕೆ ಅಲ್ಲಿ ಖಾಯಂ ಹುದ್ದೆ ಸಿಗುವುದು ಅಪರೂಪ. ಮುಂಬಯಿ ವಿಶ್ವವಿದ್ಯಾಲಯದ ಯುವ ಮಹೋತ್ಸವದ ದಿನಗಳಲ್ಲಿ ಮಾತ್ರ ಸಮೂಹಗಾನಕ್ಕೋ ನಾಟ್ಯಗೀತೆಗೋ ತಯಾರಿ ಮಾಡಿಸಲು ಮೇಷ್ಟ್ರ ನೆನಪಾಗುತ್ತದೆ. ಹೀಗಾಗಿ ಕಾಲೇಜು ಊರಿನ ಸಂಗೀತದ ಮೇಷ್ಟ್ರು ಕಾಲೇಜಿನ ಹೊರಗೇ ಬದುಕಬೇಕಾಯಿತು. ಬಾಡಿಗೆ ಮನೆಯಲ್ಲಿ, ತಿಂಗಳ ಫೀ ನಂಬಿ, ಮೇ ರಜೆಗೂ ದೀಪಾವಳಿ ರಜೆಗೂ ಬ್ಯಾಚು ಖಾಲಿಯಾಗುವುದನ್ನು ಲೆಕ್ಕ ಹಾಕಿ.

ಹಾಗೆ ಬದುಕಿದವರು ಯಾರು? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲೋ ಹುಬ್ಬಳ್ಳಿ ಧಾರವಾಡದ ಗುರುಗಳಲ್ಲೋ ಕಲಿತ ಗಂಡಸರೇ ಮೊದಲು ಕಣ್ಣಿಗೆ ಬೀಳುತ್ತಾರೆ. ಆದರೆ ಕ್ಲಾಸು ನಡೆಸಿದವರಲ್ಲಿ ಮದುವೆಯಾಗಿ ಬಂದ ಹೆಂಗಸರನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಅರ್ಧ ಲೆಕ್ಕ. ಕೆನರಾ ಬ್ಯಾಂಕು ಮಂಗಳೂರಿನಲ್ಲಿ 1906ರಲ್ಲಿ, ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಅದೇ ವರ್ಷ, ಸಿಂಡಿಕೇಟು ಅದೇ ಉಡುಪಿಯಲ್ಲಿ 1925ರಲ್ಲಿ, ವಿಜಯಾ ಬ್ಯಾಂಕು ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದವು. ಮುಂಬಯಿ ಶಾಖೆಗಳಿಗೆ ವರ್ಗವಾದ ಗುಮಾಸ್ತರಿಗೂ ಆಫೀಸರರಿಗೂ ದಾದರಿನಲ್ಲಿ ಮನೆ ಎಟುಕದು; ಡೊಂಬಿವಲಿ ಎಟುಕುತ್ತದೆ. ಅವರ ಹಿಂದೆ ಬಂದ ಹೆಂಡತಿಯರಲ್ಲಿ ತವರಿನಲ್ಲಿ ಹಾಡು ಕಲಿತವರಿದ್ದರು. ಮದುವೆಯೂ ಒಂದು ವಲಸೆ. ಗಂಡನ ವರ್ಗಾವಣೆಯ ಜೊತೆ ಊರು ಬದಲಾಗುವ ಹೆಣ್ಣಿಗೆ ಗುರು ಸಂಗಡ ಬರುವುದಿಲ್ಲ, ತಂಬೂರಿಯೂ ಬರುವುದು ಕಷ್ಟ. ಮಡಚಿ ಟ್ರಂಕಿನಲ್ಲಿಟ್ಟುಕೊಳ್ಳಬಹುದಾದದ್ದು ಸರ್ಟಿಫಿಕೇಟು ಒಂದೇ. ಹೊಸ ಊರಿನಲ್ಲಿ ನೆರೆಮನೆಯ ಮರಾಠಿ ತಾಯಿ ತನ್ನ ಮಗಳನ್ನು ಕ್ಲಾಸಿಗೆ ಕಳಿಸುವ ಮೊದಲು ಕೇಳುವುದು, ಮಗು ಪರೀಕ್ಷೆಗೆ ಕೂರುತ್ತದೆಯೇ ಎಂದು. ಗುರುವಿನ ಗುರು ಯಾರೆಂದು ಆಕೆಗೆ ಬೇಕಿಲ್ಲ, ಹೇಳಿದರೂ ಗೊತ್ತಾಗುವುದಿಲ್ಲ. ವರ್ಷಕ್ಕೆ ಎರಡು ಸಲ, ಬೇಸಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ, ಹೊರಗಿನಿಂದ ಪರೀಕ್ಷಕರು ಬಂದು ಮಗುವನ್ನು ಕೇಳಿ ಅಂಕ ಹಾಕುತ್ತಾರೆ ಎಂಬುದು ಆಕೆಗೆ ಭರವಸೆ. ಪರಿಚಯವಿಲ್ಲದ ಊರಿನಲ್ಲಿ ನಂಬಿಕೆ ಹೀಗೆ ಮೂರನೆಯವರ ಕೈಯಿಂದಲೇ ಬರಬೇಕು.

ಇಲ್ಲಿಗೆ ಮೊದಲ ಆಕ್ಷೇಪ ಎದುರಾಗುತ್ತದೆ. ಪರೀಕ್ಷೆಯ ಸಂಗೀತ ಸಂಗೀತವೇ ಅಲ್ಲ. ಆಲಾಪಕ್ಕೆ ಇಷ್ಟು, ತಾನಿಗೆ ಇಷ್ಟು ಎಂದು ಅಂಕ ಹಂಚಿ ರಾಗವನ್ನು ಗೈಡು ಪುಸ್ತಕ ಮಾಡಿಬಿಟ್ಟಿತು. ವಿಶಾರದ ಮುಗಿಸಿದ ಹುಡುಗಿಗೆ ಅರ್ಧ ತಾಸು ವಿಲಂಬಿತ ಹಾಡಲು ಬರುವುದಿಲ್ಲ ಎನ್ನುತ್ತಾರೆ. ಕೊನೆಯ ಮಾತು ಬಹಳಷ್ಟು ಸಲ ನಿಜ. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಶಾಸ್ತ್ರೀಯ ಕಲೆಗಳ ಪರೀಕ್ಷೆಗಾಗಿ ಹೆಚ್ಚುವರಿ ಅಂಕ ಸಿಗತೊಡಗಿದ ಮೇಲಂತೂ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚಿದವು, ಹತ್ತನೆಯ ಫಲಿತಾಂಶದ ಮರುದಿನ ಅಷ್ಟೇ ಬೇಗ ಕಡಿಮೆಯೂ ಆಗುತ್ತವೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಈ ಆಕ್ಷೇಪದ ಹಿಂದೆ ಶಾಲೆ ಬೇರೆ, ಗುರುಕುಲ ಬೇರೆ, ಒಂದರಿಂದ ಗುಮಾಸ್ತ, ಇನ್ನೊಂದರಿಂದ ಗವಾಯಿ ಎಂಬ ಎಣಿಕೆ ಇದೆ. ಅದು ಇತಿಹಾಸದೆದುರು ನಿಲ್ಲುವುದಿಲ್ಲ. ಬೆಳಗಾವಿ ಸೀಮೆಯ ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ, ಅಂದರೆ ಕುಮಾರ ಗಂಧರ್ವ, ಬೆಳೆದದ್ದು ಮುಂಬಯಿಯ ಒಪೇರಾ ಹೌಸ್ ಬಳಿ ಬಿ.ಆರ್. ದೇವಧರರು 1925ರಲ್ಲಿ ತೆರೆದ ಸಂಗೀತ ಶಾಲೆಯಲ್ಲಿ. ಆ ದೇವಧರರು ಪಲುಸ್ಕರರ ಶಿಷ್ಯರು. ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ.ಜಿ. ಗಿಂಡೆ ಎಳೆಯ ವಯಸ್ಸಿನಲ್ಲೇ ಲಖನೌಗೆ ಹೋಗಿ, ಭಾತಖಂಡೆ ಸ್ಥಾಪಿಸಿದ ಮ್ಯಾರಿಸ್ ಕಾಲೇಜಿನಲ್ಲಿ ರತನಜನಕರರ ಕೈಯಲ್ಲಿ ಕಲಿತರು. ಬೆಂಗಳೂರಿನ ಚಿದಾನಂದ ನಗರಕರ್, ಉತ್ತರ ಕನ್ನಡ ಮೂಲದ ಎಸ್.ಸಿ.ಆರ್. ಭಟ್ ಮತ್ತು ದಿನಕರ ಕಾಯ್ಕಿಣಿಯವರೂ ಅದೇ ಕಾಲೇಜಿನವರು. ಪಠ್ಯಕ್ರಮ, ಪರೀಕ್ಷೆ, ಪ್ರಿನ್ಸಿಪಾಲರ ಕೋಣೆ ಎಲ್ಲ ಇದ್ದ ಕಾಲೇಜು ಅದು. ಅಲ್ಲಿಂದ ಅವರು ಮುಂಬಯಿಗೆ ಬಂದು ಮತ್ತೆ ಕಲಿಸುವ ಸಂಸ್ಥೆಗಳನ್ನೇ ಸೇರಿದರು. ನಗರಕರ್ ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಾಪೀಠವನ್ನು ನಡೆಸಿದರು. ಗಿಂಡೆ ಅಲ್ಲಿಂದ ಸಾಯನ್‌ನ ವಲ್ಲಭ ಸಂಗೀತಾಲಯಕ್ಕೆ ಹೋಗಿ ಕೊನೆಯವರೆಗೂ ಮೇಷ್ಟ್ರಾಗಿಯೇ ಇದ್ದರು. ಅವರ ರಾಗಜ್ಞಾನದ ಮುಂದೆ ಕಛೇರಿಯ ದೊಡ್ಡ ಹೆಸರಿನವರೂ ತಲೆ ಬಾಗುತ್ತಿದ್ದರು.

ಗುರುಕುಲವಾದಿಗಳು ಗದಗದ ಆಶ್ರಮವನ್ನು ಉದಾಹರಣೆಗೆ ತರುತ್ತಾರೆ. ಅದು ಅವರ ವಾದಕ್ಕೆ ಒದಗುವುದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಒದಗುತ್ತದೆ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜರೂ ಅನ್ನ ಹಾಕಿ ಕಲಿಸಿದ್ದು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ. ಆ ಮಕ್ಕಳು ಹೊರಗೆ ಹೋಗಿ ತಮ್ಮ ಅನ್ನ ತಾವು ದುಡಿಯಬೇಕು ಎಂಬುದು ಅಲ್ಲಿಯ ಲೆಕ್ಕ. ದುಡಿಯುವ ದಾರಿ ಯಾವುದು? ಎಲ್ಲರಿಗೂ ಕಛೇರಿ ಸಿಗುವುದಿಲ್ಲ. ಪಾಠ ಹೇಳಬೇಕು, ಪೇಟಿ ಸಾಥ್ ಮಾಡಬೇಕು, ತಬಲಾ ಬಾರಿಸಬೇಕು, ಕೀರ್ತನೆ ಪುರಾಣಕ್ಕೆ ಕೂರಬೇಕು. ಅಂದರೆ ಗುರುಕುಲವೂ ಬಹುಪಾಲು ಮೇಷ್ಟ್ರುಗಳನ್ನೇ ತಯಾರು ಮಾಡಿತು. ಹಾಗೆ ತಯಾರಾದವರಿಗೆ ಪರವೂರಿನಲ್ಲಿ ವಿದ್ಯಾರ್ಥಿಗಳನ್ನು ಒದಗಿಸಿದ್ದು ಪರೀಕ್ಷೆ. ವಿಲಂಬಿತ ಹಾಡಲು ಬಾರದ ವಿಶಾರದದವರ ಬಗ್ಗೆ ಇನ್ನೊಂದು ಮಾತು. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರದಲ್ಲೋ ಕಲ್ಯಾಣದ ಅತ್ರೆ ರಂಗಮಂದಿರದಲ್ಲೋ ಬೆಳಗಿನ ಮೆಹಫಿಲಿಗೆ ಟಿಕೆಟು ಕೊಂಡು ಕೂರುವವರು ಆಕಾಶದಿಂದ ಇಳಿದು ಬಂದವರಲ್ಲ. ಎಂದೋ ಮಧ್ಯಮಾದ ತನಕ ಕಲಿತು ಬಿಟ್ಟವರು, ಮಕ್ಕಳನ್ನು ಪರೀಕ್ಷೆಗೆ ಕೂರಿಸಿದವರು ಅಲ್ಲಿದ್ದಾರೆ. ಸಮ್ ಎಲ್ಲಿ ಬಿತ್ತೆಂದು ತೊಡೆಯ ಮೇಲೆ ಬೆರಳಿಟ್ಟು ತೋರಿಸಬಲ್ಲ ಶ್ರೋತೃ ಇಲ್ಲದೆ ದೊಡ್ಡ ಗವಾಯಿ ಯಾರಿಗೆ ಹಾಡಬೇಕು?

ಪರೀಕ್ಷೆಯಿಂದಲೇ ಇದೆಲ್ಲ ಆಯಿತೆಂದು ಹೇಗೆ ಹೇಳುವುದು, ಹಿಂದೂಸ್ತಾನಿ ಸಂಗೀತಕ್ಕೆ ಮಹಾರಾಷ್ಟ್ರದಲ್ಲಿ ಮೊದಲೇ ಹಸಿವಿತ್ತಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರಕ್ಕೆ ಅದೇ ಊರುಗಳಲ್ಲಿ ಒಂದು ಹೋಲಿಕೆ ಸಿಗುತ್ತದೆ. ಮೈಸೂರು, ಬೆಂಗಳೂರು, ಉಡುಪಿಗಳಿಂದ ಬಂದವರಲ್ಲಿ ಕರ್ನಾಟಕ ಸಂಗೀತ ಕಲಿತವರೂ ಇದ್ದರು. ಅವರ ಕೈಯಲ್ಲಿದ್ದ ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹೆಸರು ಠಾಣೆಯ ಮರಾಠಿ ಮನೆಯಲ್ಲಿ ಯಾರಿಗೂ ಪರಿಚಯವಿರಲಿಲ್ಲ. ಮಂಡಲದ ಪರೀಕ್ಷೆಯ ಮುಖ್ಯ ಧಾರೆ ಹಿಂದೂಸ್ತಾನಿ. ಹಾಗಾಗಿ ಸರಳೆ ವರಸೆಯ ಕ್ಲಾಸಿಗೆ ಬಂದವರು ಬಹುಮಟ್ಟಿಗೆ ಕನ್ನಡ, ತಮಿಳು, ಮಲಯಾಳಿ ಮನೆಗಳ ಮಕ್ಕಳೇ. ಇದು ರುಚಿಯ ಪ್ರಶ್ನೆ, ತೆಲುಗು ಸಾಹಿತ್ಯದ ಅಪರಿಚಯದ ಪ್ರಶ್ನೆ ಎನ್ನುವಿರಾದರೆ ಭರತನಾಟ್ಯವನ್ನು ನೋಡಿ. ಅದೂ ದಕ್ಷಿಣದ್ದು, ಅದರ ಹಿನ್ನೆಲೆಯ ಹಾಡೂ ಕರ್ನಾಟಕ ಸಂಗೀತವೇ, ಸಾಹಿತ್ಯ ಅಷ್ಟೇ ಅಪರಿಚಿತ. ಆದರೆ ಗಾಂಧರ್ವ ಮಂಡಲ ಭರತನಾಟ್ಯಕ್ಕೂ ಪರೀಕ್ಷೆ ನಡೆಸುತ್ತದೆ; ಡೊಂಬಿವಲಿ, ಠಾಣೆಗಳ ಭರತನಾಟ್ಯದ ಕ್ಲಾಸುಗಳಲ್ಲಿ ಮರಾಠಿ ಹುಡುಗಿಯರಿಗೆ ಬರವಿಲ್ಲ. ನೃತ್ಯಕ್ಕೆ ಕಣ್ಣಿಗೆ ಕಾಣುವ ಬೆಡಗಿದೆ, ವೇಷವಿದೆ, ರಂಗಪ್ರವೇಶದ ಸಂಭ್ರಮವಿದೆ ಎಂಬುದನ್ನು ಒಪ್ಪುತ್ತೇನೆ. ಅಷ್ಟನ್ನು ಕಳೆದರೂ, ಒಂದೇ ಗಾಡಿಯಲ್ಲಿ ಬಂದ ಎರಡು ಕಲೆಗಳಲ್ಲಿ ಒಂದು ನೆರೆಮನೆಯ ಹೊಸ್ತಿಲು ದಾಟಿತು, ಇನ್ನೊಂದು ತನ್ನವರ ಮನೆಯಲ್ಲೇ ಉಳಿಯಿತು ಎಂಬುದಕ್ಕೆ ಬಾಗಿಲಲ್ಲಿ ತೋರಿಸುವ ಕಾಗದವೂ ಒಂದು ಕಾರಣ ಎಂದೇ ನನಗೆ ಕಾಣುತ್ತದೆ.

ಇನ್ನು ಕನ್ನಡದ ಪ್ರಶ್ನೆ. ನಮ್ಮವರ ಸಭೆಗಳಲ್ಲಿ ಬರುವ ದೂರು ಇದೇ: ಹಿಂದೂಸ್ತಾನಿ ಕ್ಲಾಸು ಹಿಡಿದ ಕನ್ನಡದ ಮೇಷ್ಟ್ರು ಮರಾಠಿಯಲ್ಲಿ ಪಾಠ ಹೇಳಿ, ಬ್ರಜದ ಬಂದಿಶ್ ಹಾಡಿಸಿ, ಅಭಂಗ ನಾಟ್ಯಗೀತೆ ಕಲಿಸಿ ಕೊನೆಗೆ ಮರಾಠಿಯವನೇ ಆಗಿಬಿಡುತ್ತಾನೆ. ಇದರಲ್ಲಿ ಸತ್ಯಾಂಶವಿದೆ. ಧಾರವಾಡದಲ್ಲಿ ಗವಾಯಿಗಳು ಎನಿಸಿಕೊಳ್ಳುತ್ತಿದ್ದವರು ಇಲ್ಲಿ ‘ಸರ್’ ಆಗುತ್ತಾರೆ, ಅಕ್ಕೋರು ‘ತಾಈ’ ಆಗುತ್ತಾರೆ. ಆದರೆ ಖಯಾಲಿನ ಬ್ರಜ ಮೇಷ್ಟ್ರಿಗೆ ಎಷ್ಟು ಪರಕೀಯವೋ ಮರಾಠಿ ಶಿಷ್ಯೆಗೂ ಅಷ್ಟೇ ಪರಕೀಯ. ಆಫೀಸಿನಲ್ಲಿ, ಅಂಗಡಿಯಲ್ಲಿ, ನಲ್ಲಿಯ ಸಾಲಿನಲ್ಲಿ ಉಚ್ಚಾರಣೆಯಿಂದಲೇ ಹೊರಗಿನವರೆಂದು ಗುರುತಾಗುವವರಿಗೆ ಇಬ್ಬರೂ ಸಮವಾಗಿ ಹೊರಗಿನವರಾಗುವ ಒಂದು ಜಾಗ ಸಿಕ್ಕದ್ದು ಆ ಚಾಪೆಯ ಮೇಲೆ. ಅಲ್ಲಿಂದ ಕನ್ನಡವೂ ಹರಿಯಿತು. ಅಭಂಗ ಕಲಿಯಲು ಬಂದವರಿಗೆ ಪುರಂದರದಾಸರ ಪದ ದಾಟಿಸುವುದು ದೊಡ್ಡ ಕೆಲಸವಲ್ಲ. ಎರಡರ ದೇವರೂ ಒಬ್ಬನೇ, ಆ ಪಂಢರಪುರದವನನ್ನು ಜ್ಞಾನೇಶ್ವರರೇ ಕಾನಡಾ ಎಂದು ಕರೆದಿದ್ದಾರೆ. ಸಂತವಾಣಿಯಿಂದ ಮಹಾರಾಷ್ಟ್ರವನ್ನು ಗೆದ್ದ ಭೀಮಸೇನರು ದಾಸವಾಣಿಯನ್ನೂ ಹಾಡಿದರು. ದೂರಬೇಕಾದರೆ ನಮ್ಮ ಸಂಘಗಳನ್ನೂ ಕೊಂಚ ದೂರಬೇಕು. ರಾಜ್ಯೋತ್ಸವಕ್ಕೆ ಧಾರವಾಡದಿಂದ ಗವಾಯಿಗಳನ್ನು ಕರೆಸಿ ಶಾಲು ಹೊದಿಸುವ ಉತ್ಸಾಹದಲ್ಲಿ, ಪಕ್ಕದ ಗಲ್ಲಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ನೆನಪಾಗುವುದು ಸ್ವಾಗತಗೀತೆಗೆ ಮಕ್ಕಳನ್ನು ತಯಾರು ಮಾಡಬೇಕಾದಾಗ ಮಾತ್ರ.

ಪರೀಕ್ಷೆಯ ಜೊತೆ ಇನ್ನೊಂದು ವಸ್ತುವಿಗೂ ಈ ಮೇಷ್ಟ್ರುಗಳು ಋಣಿಗಳು, ಅದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ಮಿರಜಿನಲ್ಲಿ ಕುಂಬಳದ ಬುರುಡೆಯಿಂದ ತಯಾರಾಗುವ ತಂಬೂರಿಯನ್ನು ಸಂಜೆಯ ಕರ್ಜತ್ ಲೋಕಲ್‌ನಲ್ಲಿ ಒಯ್ಯುವ ಧೈರ್ಯ ಯಾರಿಗೂ ಇಲ್ಲ, ಮಳೆಗಾಲದ ತೇವದಲ್ಲಿ ಅದು ಶ್ರುತಿಗೂ ನಿಲ್ಲುವುದಿಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ 1979ರಲ್ಲಿ ಮಾಡಿದ ಎಲೆಕ್ಟ್ರಾನಿಕ್ ತಂಬೂರಿ ಟ್ರಾನ್ಸಿಸ್ಟರ್ ರೇಡಿಯೊದಷ್ಟು ಜಾಗದಲ್ಲಿ ಕೂತಿತು. ಒಂದು ಹಾಲ್ ಒಂದು ಅಡುಗೆಮನೆಯ ಫ್ಲ್ಯಾಟು ಆರು ಗಂಟೆಗೆ ತರಗತಿಯಾಗಿ ಎಂಟು ಗಂಟೆಗೆ ಊಟದ ಮನೆಯಾಗಲು ಅದು ಒದಗಿಬಂತು. ನಾದ ತೆಳುವೆಂದು ಹಿರಿಯರು ಗೊಣಗಿದರು. ತೆಳುವೇ ಸರಿ.

ಈಗ ಆ ಪೆಟ್ಟಿಗೆಯೂ ಫೋನಿನೊಳಗೆ ಹೋಗಿದೆ. ಬ್ಯಾಂಕುಗಳೂ ಹಿಂದಿನಂತಿಲ್ಲ, ವಿಜಯಾ 2019ರಲ್ಲಿ ಬರೋಡಾದೊಳಗೆ, ಸಿಂಡಿಕೇಟು 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಐರೋಲಿ, ಮಹಾಪೆಯ ಐಟಿ ಕಂಪನಿಗಳಿಗೆ ಬರುವ ಹುಬ್ಬಳ್ಳಿಯ ಹುಡುಗ ಹುಡುಗಿಯರು ಗುರುವನ್ನು ಊರಿನಲ್ಲೇ ಬಿಟ್ಟು ಬರಬೇಕಿಲ್ಲ, ರಾತ್ರಿ ಒಂಬತ್ತಕ್ಕೆ ವಿಡಿಯೊದಲ್ಲಿ ಪಾಠ ನಡೆಯುತ್ತದೆ. ಹಾಗಾದರೆ ಉಪನಗರದ ಮೇಷ್ಟ್ರ ಕೆಲಸ ಮುಗಿಯಿತೇ? ಪಾಠದ ಮಟ್ಟಿಗೆ ಅರ್ಧ ಮುಗಿದಿದೆ ಎನ್ನಬೇಕು. ಆದರೆ ವಿಡಿಯೊದಲ್ಲಿ ಕಲಿತವರೂ ಪರೀಕ್ಷೆಯ ದಿನ ಹತ್ತಿರದ ಕೇಂದ್ರಕ್ಕೆ ಬಂದು ಪರೀಕ್ಷಕರ ಎದುರು ಕೂತು ಹಾಡಬೇಕು. ಕೇಳಿಸುವ ವಿಳಂಬದಿಂದಾಗಿ ಆನ್‌ಲೈನಿನಲ್ಲಿ ತಬಲಾದ ಜೊತೆ ಹಾಡಿ ಅಭ್ಯಾಸವಿರುವುದಿಲ್ಲ. ಠೇಕಾ ಶುರುವಾದರೆ ಸಮ್ ಜಾರುತ್ತದೆ. ಹಾಗಾಗಿ ಪರೀಕ್ಷೆಗೆ ಮೂರು ವಾರ ಇರುವಾಗ ಡೊಂಬಿವಲಿಯ ಆ ಹಳೆಯ ಮನೆಯ ಬೆಲ್ಲು ಮತ್ತೆ ಸದ್ದು ಮಾಡುತ್ತದೆ. ತಬಲಾದವರನ್ನು ಕರೆಸಿ, ನಾಲ್ಕು ಸಲ ತಾಲೀಮು ಮಾಡಿಸಿ, ಮಧ್ಯಲಯದ ತೀನತಾಲಕ್ಕೆ ಕೂರಿಸಲು ಆಗುತ್ತದೆಯೇ ಎಂದು ಕೇಳಲು.